ಪ್ರಮಾದವೂ ಅಪರಾಧವೂ

ಲೋಕದಲ್ಲಿ ಕೆಲವು ವೃತ್ತಿಗಳುಂಟು. ಅವನ್ನು ನಡೆಯಿಸುವವನು ಜನರ ಕಣ್ಣಿಗೆ ಬೀಳುವುದು ಕೆಲಸ ಕೆಟ್ಟ ದಿನ ಮಾತ್ರ. ನಮ್ಮ ಸೀಮೆಯ ಕೆರೆಗಳಿಗೆ ಹಿಂದೆ ನೀರುಗಂಟಿಯೊಬ್ಬನು ಇರುತ್ತಿದ್ದನಷ್ಟೆ. ತೂಬನ್ನು ಎತ್ತಿ ಇಳಿಸಿ ಗದ್ದೆಗದ್ದೆಗೂ ನೀರು ಹಂಚುವುದು ಅವನ ಕೆಲಸ. ಬೆಳೆ ಕೈಗೆ ಬಂದ ವರ್ಷ ಊರವರು ಮಳೆಯನ್ನು ಹೊಗಳುವರು, ಭೂಮಿಯನ್ನು ಹೊಗಳುವರು, ನೀರುಗಂಟಿಯ ಹೆಸರನ್ನೆತ್ತುವವರಿಲ್ಲ. ಒಂದು ರಾತ್ರಿ ಅವನಿಗೆ ತೂಕಡಿಕೆ ಹತ್ತಿ ತೂಬು ತೆರೆದೇ ಉಳಿಯಿತೆನ್ನಿ. ಮಾರನೆಯ ಬೆಳಗ್ಗೆ ಅವನ ಹೆಸರಲ್ಲದೆ ಬೇರೊಂದು ಹೆಸರು ಊರಿನಲ್ಲಿ ಕೇಳಿಬರದು.

ಈ ಕಾಲದ ನೀರುಗಂಟಿಗಳು ಆನೇಕಲ್ಲಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಮಹಲುಗಳೊಳಗೆ ಇದ್ದಾರೆ. 1978ರಲ್ಲಿ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಈ ನಗರವನ್ನು ಆರಂಭಿಸಿತು. (ಹೆಸರಿನಲ್ಲಿ ಅಗ್ರಹಾರವು ಇನ್ನೂ ಉಳಿದಿದೆಯೆಂಬುದು ನನ್ನಂಥ ಪಾಠಶಾಲೆಯವನಿಗೆ ಒಂದು ಸಣ್ಣ ಸಮಾಧಾನ.) ಅಲ್ಲಿ ಸರ್ವರ್ ಎಂಬ ದೊಡ್ಡ ಗಣಕಯಂತ್ರಗಳು ಹಗಲಿರುಳು ನಿಲ್ಲದಂತೆ ನೋಡಿಕೊಳ್ಳುವ ನೌಕರರಿಗೆ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಎಂದು ಹೆಸರು. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ಕಾರ್ಖಾನೆಯ ಸರಕಿನ ಪಟ್ಟಿ, ಎಲ್ಲವೂ ಅವರ ತೂಬಿನ ಮೂಲಕವೇ ಹರಿಯುವುವು.

ಇಂಥವರಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಒಂದು ಭಾನುವಾರ ನನ್ನ ಮನೆಗೆ ಬಂದನು. ಎಂದೂ ಇಲ್ಲದ ಹಾಗೆ ಕಾಫಿಯನ್ನು ಮುಟ್ಟದೆ ಕುಳಿತಿದ್ದನು. ನಡೆದ ಸಂಗತಿ ಇಷ್ಟು. ಎರಡು ದಿನದ ಹಿಂದೆ ರಾತ್ರಿ ಪಾಳಿಯಲ್ಲಿ, ಪರೀಕ್ಷೆಗಾಗಿ ಇಟ್ಟಿದ್ದ ಸರ್ವರಿನಲ್ಲಿ ಬೇಡವಾದ ಕಡತಗಳನ್ನು ಅಳಿಸುವ ಕೆಲಸ ಅವನ ಪಾಲಿಗಿತ್ತು. ಪರೀಕ್ಷೆಯ ಯಂತ್ರದ ಕಿಟಕಿಯೂ ನಿಜವಾದ ಯಂತ್ರದ ಕಿಟಕಿಯೂ ಪರದೆಯ ಮೇಲೆ ಅಕ್ಕಪಕ್ಕದಲ್ಲಿ ತೆರೆದಿದ್ದವು. ಎರಡಕ್ಕೂ ಒಂದೇ ಕಪ್ಪು ಬಣ್ಣ, ಹೆಸರಿನಲ್ಲಿ ಒಂದು ಅಂಕಿಯ ಭೇದ. ಎರಡೂವರೆ ಗಂಟೆಯ ಹೊತ್ತಿಗೆ ಅವನು ಆಜ್ಞೆಯನ್ನು ಬರೆದದ್ದು ನಿಜವಾದ ಯಂತ್ರಕ್ಕೆ. ಪೀಣ್ಯದ ಒಂದು ಕಾರ್ಖಾನೆಯ ಸರಕು ಸಾಗಣೆಯ ಲೆಕ್ಕ ನಿಮಿಷಮಾತ್ರದಲ್ಲಿ ಇಲ್ಲವಾಯಿತು.

ಇದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಮೊದಲನೆಯ ಯಂತ್ರದಲ್ಲಿರುವುದನ್ನು ಗಂಟೆಗೊಮ್ಮೆ ಹಾಗೆಯೇ ಪ್ರತಿಮಾಡಿಕೊಳ್ಳುವ ಎರಡನೆಯ ಯಂತ್ರವೊಂದಿರುವುದಂತೆ. ಮೂರು ಗಂಟೆಯೊಳಗೆ ಯಾರಾದರೂ ಅದನ್ನು ತಡೆದಿದ್ದರೆ ಲೆಕ್ಕವೆಲ್ಲವೂ ಅಲ್ಲಿ ಉಳಿಯುತ್ತಿತ್ತು. ತಡೆಯುವ ಅಧಿಕಾರ ಮೇಲಧಿಕಾರಿಗೆ ಮಾತ್ರ. ಮೂರು ಹೊಡೆಯಿತು, ಇದ್ದದ್ದನ್ನು ಪ್ರತಿಮಾಡುವ ಯಂತ್ರವು ಇಲ್ಲದಿರುವುದನ್ನೂ ಅಷ್ಟೇ ನಿಷ್ಠೆಯಿಂದ ಪ್ರತಿಮಾಡಿತು.

"ಆ ಅರ್ಧ ಗಂಟೆ ಏನು ಮಾಡುತ್ತಿದ್ದೆ?" ಎಂದು ಕೇಳಿದೆನು.

"ಮೊದಲು ನಾನೇ ಸರಿಮಾಡಲು ನೋಡಿದೆ, ಮೇಷ್ಟ್ರೇ. ಆಮೇಲೆ ಸುಮ್ಮನೆ ಕುಳಿತಿದ್ದೆ. ಫೋನು ಕೈಯಲ್ಲೇ ಇತ್ತು."

ಕೊನೆಗೆ ಫೋನು ಮಾಡಿದಾಗಲೂ ಲೆಕ್ಕ ಕಾಣುತ್ತಿಲ್ಲವೆಂದನೇ ಹೊರತು, ಅಳಿಸಿದವನು ತಾನೆಂದು ಹೇಳಲಿಲ್ಲ. ಆ ರಾತ್ರಿ ಮೂವರು ಒಂದೇ ಪಾಸ್‌ವರ್ಡಿನಿಂದ ಕೆಲಸಮಾಡುತ್ತಿದ್ದುದರಿಂದ ಯಂತ್ರದ ದಾಖಲೆಯಲ್ಲಿ ಕೈ ಯಾರದೆಂದು ಗೊತ್ತಾಗುವಂತಿಲ್ಲ. ಸೋಮವಾರ ಮೂವರೂ ಲಿಖಿತ ಹೇಳಿಕೆಯನ್ನು ಕೊಡಬೇಕು. ಹಿಂದಿನ ವರ್ಷ ಅದೇ ಕಚೇರಿಯಲ್ಲಿ ತಪ್ಪನ್ನು ತಾನಾಗಿ ಒಪ್ಪಿಕೊಂಡವನೊಬ್ಬನನ್ನು ಅದೇ ವಾರ ಮನೆಗೆ ಕಳುಹಿಸಿದ್ದರಂತೆ. ಏನು ಬರೆಯಲಿ ಎಂಬುದು ಅವನ ಪ್ರಶ್ನೆ.

ಬುದ್ಧಿಪೂರ್ವಕವಾಗಿ ಮಾಡಿದ ಪಾಪಕ್ಕೂ ಅರಿಯದೆ ಮಾಡಿದುದಕ್ಕೂ ನಮ್ಮ ಧರ್ಮಶಾಸ್ತ್ರಕಾರರು ಬೇರೆ ಬೇರೆ ಪ್ರಾಯಶ್ಚಿತ್ತಗಳನ್ನು ವಿಧಿಸಿದ್ದಾರೆ. ಗೀತೆಯ 18ನೆಯ ಅಧ್ಯಾಯವು ಇನ್ನೂ ಮುಂದೆ ಹೋಗಿ, ಕಾರ್ಯವೊಂದು ಆಗುವುದಕ್ಕೆ ಕರ್ತೃವೊಬ್ಬನೇ ಸಾಲನು, ನಿಂತ ನೆಲೆ, ಉಪಕರಣ, ಚೇಷ್ಟೆ, ದೈವಗಳೂ ಕೂಡಬೇಕೆಂದು ವಿಚಾರಮಾಡುತ್ತದೆ. ನನ್ನ ಶಿಷ್ಯನ ಸಂಗತಿಗೆ ಇದನ್ನು ಹೊಂದಿಸಿ ನೋಡೋಣ. ನಿದ್ದೆಗೆಟ್ಟ ಹೊತ್ತು, ಅವಳಿಗಳಂತಿರುವ ಎರಡು ಕಿಟಕಿಗಳು, ಅಳಿಸುವ ಮುನ್ನ ನಿಜವೇ ಎಂದು ಒಂದು ಮಾತು ಕೇಳದ ಯಂತ್ರ, ಮೂವರಿಗೆ ಒಂದೇ ಬೀಗದ ಕೈ. ಇವುಗಳಲ್ಲಿ ಯಾವುದನ್ನೂ ಅವನು ಏರ್ಪಡಿಸಿರಲಿಲ್ಲ.

ಲೋಕದ ದೊಡ್ಡ ಅವಘಡಗಳಲ್ಲಿಯೂ ಇದೇ ರೀತಿ ಕಂಡುಬರುತ್ತದೆ. 2024ನೆಯ ಜುಲೈ 19ರ ಶುಕ್ರವಾರ ನಮ್ಮ ಗಡಿಯಾರದ 9 ಗಂಟೆ 39 ನಿಮಿಷಕ್ಕೆ, ಗಣಕಯಂತ್ರಗಳನ್ನು ರಕ್ಷಿಸುವುದೇ ಕಸುಬಾದ ಅಮೆರಿಕದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯಿಂದ ದೋಷವುಳ್ಳ ಒಂದು ಕಡತ ಹೊರಟಿತು. ದೋಷವನ್ನು ಹಿಡಿಯಬೇಕಾಗಿದ್ದ ಪರೀಕ್ಷಕ ತಂತ್ರಾಂಶದಲ್ಲಿಯೇ ದೋಷವಿದ್ದುದರಿಂದ ಅದು ತಡೆಯಿಲ್ಲದೆ ಹೋಯಿತು. 78 ನಿಮಿಷಗಳಲ್ಲಿ ಸಂಸ್ಥೆಯು ಅದನ್ನು ಹಿಂತೆಗೆದುಕೊಂಡಿತಾದರೂ, ಮೈಕ್ರೋಸಾಫ್ಟಿನವರ ಅಂದಾಜಿನಂತೆ 85 ಲಕ್ಷ ಯಂತ್ರಗಳು ಕೆಟ್ಟು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿಗಳನ್ನು ಕೊಟ್ಟರು. ಅನೇಕ ಕಡೆ ಅಡ್ಮಿನಿಸ್ಟ್ರೇಟರುಗಳು ಯಂತ್ರದಿಂದ ಯಂತ್ರಕ್ಕೆ ನಡೆದು, ಬೀಗ ಹಾಕಿದ್ದ ಕಡೆ 48 ಅಂಕಿಗಳ ಕೀಲಿಯನ್ನು ಒತ್ತಿ, ಆ ಒಂದು ಕಡತವನ್ನು ಅಳಿಸಬೇಕಾಯಿತು. ತಪ್ಪು ಒಬ್ಬರದು, ಪ್ರಾಯಶ್ಚಿತ್ತ ಇನ್ನೊಬ್ಬರದು.

ಆದುದರಿಂದ ಎರಡೂವರೆ ಗಂಟೆಗೆ ನಡೆದುದನ್ನು ನಾನು ಪ್ರಮಾದವೆಂದೇ ಕರೆಯುವೆನು. ಆದರೆ ಆಮೇಲಿನ ಅರ್ಧ ಗಂಟೆಗೆ ಆ ಹೆಸರು ಸಲ್ಲುವುದೇ? ಕೈತಪ್ಪಿ ಅಳಿಸಿದುದರಲ್ಲಿ ಸಂಕಲ್ಪವಿರಲಿಲ್ಲ. ಫೋನನ್ನು ಹಿಡಿದು ಮಾತಾಡದೆ ಕುಳಿತುದರಲ್ಲಿ ಇತ್ತು. ಲೆಕ್ಕವು ಎರಡನೆಯ ಸಲ ನಾಶವಾದುದು ಆ ಮೌನದಿಂದ. ಇನ್ನು ಸೋಮವಾರವೂ ಮುಚ್ಚಿಟ್ಟರೆ, ನಿರಪರಾಧಿಗಳಾದ ಇಬ್ಬರ ತಲೆಯ ಮೇಲೆ ಅನುಮಾನವನ್ನು ಹೊರಿಸಿದಂತಾಗುವುದು. ಅದು ಅಪರಾಧವೆಂಬುದರಲ್ಲಿ ಸಂದೇಹವೇ ಇಲ್ಲ.

ಹಾಗೆಂದು ಮೌನದ ಭಾರವನ್ನೆಲ್ಲ ಅವನ ಮೇಲೆಯೇ ಹೊರಿಸಲು ನನಗೆ ಮನಸ್ಸು ಬಾರದು. ಸತ್ಯ ಹೇಳಿದವನನ್ನು ಹೊರದೂಡಿದ ಕಚೇರಿ ಉಳಿದವರಿಗೆಲ್ಲ ಮೌನದ ಪಾಠವನ್ನು ಹೇಳಿಕೊಟ್ಟಂತಾಯಿತು. 2017ನೆಯ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ನೌಕರನೊಬ್ಬನು ಥೇಟು ಹೀಗೆಯೇ ಒಂದು ಸರ್ವರೆಂದು ಇನ್ನೊಂದನ್ನು ಅಳಿಸಿದನು. ಒಂದೆರಡು ಕ್ಷಣಗಳಲ್ಲಿ ತಡೆದರೂ ಸುಮಾರು 300 ಗಿಗಾಬೈಟ್‌ಗಳಲ್ಲಿ ಉಳಿದದ್ದು ನಾಲ್ಕೂವರೆ. ಆಪತ್ತಿಗೆಂದು ಇಟ್ಟುಕೊಂಡಿದ್ದ ನಕಲುಗಳನ್ನು ಹುಡುಕಿದರೆ ಅವು ಕೈಕೊಟ್ಟಿದ್ದವು. ಸುಮಾರು ಆರು ಗಂಟೆ ಮೊದಲು ಬೇರೊಂದು ಕಾರಣಕ್ಕೆ ಕೈಯಿಂದ ತೆಗೆದಿದ್ದ ಪ್ರತಿಯೊಂದು ಮಾನ ಉಳಿಸಿತು. ಆ ಸಂಸ್ಥೆಯವರು ದುರಸ್ತಿಯ ಕೆಲಸವನ್ನು ಲೋಕವೆಲ್ಲ ನೋಡುವಂತೆ ಬಯಲಿನಲ್ಲಿಯೇ ನಡೆಯಿಸಿದರು. ಬಳಿಕ ಹೊರಡಿಸಿದ ವಿವರವಾದ ವರದಿಯಲ್ಲಿ ನೌಕರನ ಹೆಸರನ್ನು ಬಿಟ್ಟು, ತಮ್ಮ ಏರ್ಪಾಡಿನ ಲೋಪಗಳನ್ನು ಬಿಡದೆ ಬರೆದರು. ಯಾರು ಎಂಬುದಕ್ಕಿಂತ ಹೇಗೆ ಎಂಬುದನ್ನು ಮೊದಲು ಕೇಳಿದರು.

ಹೀಗಾದರೆ ಹೊಣೆಯೆಂಬುದೇ ಇಲ್ಲವಾಗುವುದಿಲ್ಲವೇ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪವು ಹಗುರಾದುದಲ್ಲ. ದಿನವೂ ತೂಬಿನ ಬಳಿ ಮಲಗುವ ನೀರುಗಂಟಿಯನ್ನು ಊರು ಎಷ್ಟು ದಿನ ಇಟ್ಟುಕೊಂಡೀತು? ಆಸ್ಪತ್ರೆಯ ಯಂತ್ರ ನಿಂತು ರೋಗಿಗೆ ಅಪಾಯವಾದರೆ ಅವನ ಮನೆಯವರಿಗೆ ಐದು ಕಾರಣಗಳ ವಿಚಾರವನ್ನು ಹೇಳಿ ಸಮಾಧಾನಪಡಿಸಲಾದೀತೇ? ಎಚ್ಚರಿಸಿದ ಮೇಲೂ ಎಚ್ಚರಗೊಳ್ಳದವನನ್ನು ತೂಬಿನಿಂದ ದೂರವಿಡುವುದೇ ಸರಿ. ಆದರೆ ಮೊದಲ ಸಲ ತಪ್ಪಿ, ಬಂದು ಹೇಳಿದವನು ಈ ಗುಂಪಿಗೆ ಸೇರಿದವನಲ್ಲ. ಎಲ್ಲಿ ಗೆರೆ ಎಳೆಯಬೇಕೆಂಬುದು ಪ್ರತಿಯೊಂದು ಸಂಗತಿಯಲ್ಲಿಯೂ ಕಷ್ಟವೇ.

ಇದ್ದದ್ದನ್ನು ಇದ್ದಂತೆ, ಅರ್ಧ ಗಂಟೆಯನ್ನೂ ಸೇರಿಸಿ ಬರೆಯೆಂದು ಹೇಳಿ ಕಳುಹಿಸಿದೆನು. ಬರೆದನು. ಕೆಲಸದಿಂದ ತೆಗೆಯಲಿಲ್ಲ, ಆ ವರ್ಷದ ಸಂಬಳದ ಏರಿಕೆಯನ್ನು ತಡೆದರು. ಹಿಂದಿನ ರಾತ್ರಿಯ ಬ್ಯಾಕಪ್ಪಿನಿಂದ ಬಹುಪಾಲು ಲೆಕ್ಕ ದೊರೆಯಿತು. ಒಂದು ದಿನದ್ದನ್ನು ಮಾತ್ರ ಕಾರ್ಖಾನೆಯ ಗುಮಾಸ್ತರು ಕಾಗದದ ಚಲನ್‌ಗಳನ್ನು ನೋಡಿ ಮತ್ತೆ ತುಂಬಿದರು. ಈಗ ಅಲ್ಲಿ ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡು, ನಿಜವಾದ ಯಂತ್ರದ ಕಿಟಕಿಗೆ ಕೆಂಪು ಬಣ್ಣ.

ಉಪದೇಶವನ್ನೇನೋ ಮಾಡಿದೆನು, ಮಾಡಲು ನನಗೆ ಅಧಿಕಾರವಿತ್ತೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈ ಶಿಷ್ಯನು ಓದುತ್ತಿದ್ದ ತರಗತಿಯಲ್ಲಿಯೇ, ಶಾಲೆಗೆ ಇದ್ದ ಒಂದೇ ಒಂದು ಭೂಗೋಳವು ಒಬ್ಬ ಹುಡುಗನ ಕೈಜಾರಿ ಬಿದ್ದು ಒಡೆಯಿತು. ನೋಡಿದವರು ಯಾರೂ ಇರಲಿಲ್ಲ. ಹುಡುಗನು ತಾನಾಗಿಯೇ ಬಂದು, "ಮೇಷ್ಟ್ರೇ, ನನ್ನ ಕೈಯಿಂದ ಬಿತ್ತು" ಎಂದನು. ನಾನು ಬೆತ್ತವನ್ನು ತೆಗೆದುಕೊಂಡೆನು. ಆ ವರ್ಷ ಶಾಲೆಯಲ್ಲಿ ಇನ್ನೂ ಹಲವು ವಸ್ತುಗಳು ಒಡೆದವು. ನನ್ನ ಕೈಯಿಂದ ಎಂದು ಯಾವ ಹುಡುಗನೂ ಮತ್ತೆ ಬರಲಿಲ್ಲ. ಎರಡನೆಯ ಬೆಂಚಿನಲ್ಲಿ ಕುಳಿತು ಅದನ್ನೆಲ್ಲ ನೋಡಿದವನೇ ಮುಂದೊಂದು ರಾತ್ರಿ ಫೋನನ್ನು ಹಿಡಿದು ಅರ್ಧ ಗಂಟೆ ಸುಮ್ಮನೆ ಕುಳಿತನು.

ಭೂಗೋಳವನ್ನು ಬೀಳಿಸಿದವನು ಈಗ ಆನೇಕಲ್ಲಿನಲ್ಲಿ ಸೈಕಲ್ ಅಂಗಡಿಯನ್ನಿಟ್ಟಿದ್ದಾನೆ. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಹೋದ ವಾರ ಆ ಮಾತನ್ನು ಎತ್ತಬೇಕೆಂದೇ ಹೊರಟಿದ್ದೆನು. ಚಕ್ರಕ್ಕೆ ಗಾಳಿ ಹಾಕಿಸಿಕೊಂಡು ಹಿಂದಿರುಗಿದೆನು. ಅವನು ಹಣ ತೆಗೆದುಕೊಳ್ಳಲಿಲ್ಲ.