ಹಳಿ ಹಾಸುವ ಮುನ್ನ

ಈಚೆಗೆ ಹೊಸೂರು ಸೀಮೆಯ ಭಕ್ತರೊಬ್ಬರ ಮನೆಗೆ ನಾವು ಪ್ರಸಾದಕ್ಕೆ ಹೋಗಿದ್ದಾಗ ಜಗುಲಿಯ ಮೇಲೆ ಒಂದು ಮಾತು ಎದ್ದಿತು. ಬೆಂಗಳೂರಿನ ಮೆಟ್ರೋ ರೈಲು ಬೊಮ್ಮಸಂದ್ರದವರೆಗೆ ಬಂದಿದೆ; ಅದು ಹೊಸೂರಿಗೂ ಬರಬೇಕೇ, ಬೇಡವೇ? ಮನೆಯ ಹಿರಿಯರು ಗುಲಾಬಿ ಬೆಳೆಯುವವರು. ಅವರ ತಮ್ಮ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ. “ದಿನಾ ನಾಲ್ಕು ಗಂಟೆ ಬಸ್ಸಿನಲ್ಲೇ ಹೋಗುತ್ತಣ್ಣ. ರೈಲು ಬಂದರೆ ಮಕ್ಕಳು ಮಲಗೋಕೆ ಮುಂಚೆ ಮನೆಗೆ ಬರಬಹುದು” ಎಂದರು ತಮ್ಮ. “ನಿನ್ನ ನಾಲ್ಕು ಗಂಟೆಗೆ ನನ್ನ ತೋಟ ಹೋಗಬೇಕೇನಪ್ಪ?” ಎಂದರು ಅಣ್ಣ. ಹೆದ್ದಾರಿಯ ಪಕ್ಕ ಬಾಡಿಗೆ ಮಳಿಗೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ಒಬ್ಬರು ಕಂಬಕ್ಕೆ ಒರಗಿ ಕುಳಿತಿದ್ದರು. ಅವರು ಮೆಲ್ಲಗೆ ಹೇಳಿದರು: “ಅಣ್ಣನ ಹತ್ತಿರ ಪಟ್ಟಾ ಇದೆ. ನಿಮ್ಮ ಹತ್ತಿರ ಟಿಕೆಟ್ಟು ಇರುತ್ತೆ. ನನ್ನ ಹತ್ತಿರ ಏನಿದೆ ಅಂತ ಯಾರು ಬಂದು ಕೇಳ್ತಾರೆ ಸ್ವಾಮಿ?”

ಜಗುಲಿ ಸುಮ್ಮನಾಯಿತು. ನಮಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಊರಿಗೆ ಒಳ್ಳೆಯದಾಗುವ ಕೆಲಸಕ್ಕಾಗಿ ಒಬ್ಬನಿಂದ ಅವನ ಬದುಕಿನ ಆಸರೆಯನ್ನು ತೆಗೆದುಕೊಳ್ಳುವಾಗ ಪರಿಹಾರ ಕೊಟ್ಟರೆ ಸಾಕೇ, ಅಥವಾ ಮೊದಲು ಅವನ ಮಾತು ಕೇಳಬೇಕೇ? ಈ ಪ್ರಶ್ನೆಯನ್ನು ನಮ್ಮ ಓದುಗರ ಮುಂದೆ ಇಡುವುದು ಅಗತ್ಯವೆಂದು ನಮಗೆ ತೋರಿದೆ.

ಮೊದಲು ಸಂಗತಿಗಳನ್ನು ನೋಡೋಣ. ಬೆಂಗಳೂರಿನಲ್ಲಿ ಮೊದಲ ಮೆಟ್ರೋ ಓಡಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದ ಉದ್ಘಾಟನೆಯಾಯಿತು. ಇದರ ಉದ್ದ 19.15 ಕಿ.ಮೀ., ನಿಲ್ದಾಣಗಳು 16. ಅಲ್ಲಿಂದ ಚಂದಾಪುರ, ಅತ್ತಿಬೆಲೆ ದಾಟಿ ಹೊಸೂರಿಗೆ ಸುಮಾರು 23 ಕಿ.ಮೀ. ಮಾರ್ಗವನ್ನು ತಮಿಳುನಾಡಿನ ಕಡೆಯವರು ಅಧ್ಯಯನ ಮಾಡಿಸಿದರು. ಇದರಲ್ಲಿ ಹೆಚ್ಚುಕಡಿಮೆ ಅರ್ಧ ಕರ್ನಾಟಕದ ನೆಲ, ಇನ್ನರ್ಧ ತಮಿಳುನಾಡಿನ ನೆಲ. ಬೆಂಗಳೂರಿನ ಕೈಗಾರಿಕೆಗಳು ಹೊಸೂರಿನ ಕಡೆಗೆ ಹರಿದುಹೋಗುತ್ತವೆ ಎಂದು ಕನ್ನಡಪರ ಸಂಘಟನೆಗಳು ಆಕ್ಷೇಪ ಎತ್ತಿದವು. ಎರಡು ಮಾರ್ಗಗಳ ವಿದ್ಯುತ್ ವ್ಯವಸ್ಥೆ ಒಂದಕ್ಕೊಂದು ಹೊಂದುವುದಿಲ್ಲವೆಂಬ ತಾಂತ್ರಿಕ ಆಕ್ಷೇಪವೂ ಕರ್ನಾಟಕದಿಂದ ಬಂದಿತು. ಈ ಮಾರ್ಗದ ಗತಿ ಮುಂದೆ ಏನೇ ಆಗಲಿ, ಜಗುಲಿಯ ಪ್ರಶ್ನೆ ಮಾತ್ರ ಉಳಿಯುತ್ತದೆ. ಇಂದು ರೈಲು, ನಾಳೆ ಹೆದ್ದಾರಿ, ನಾಡಿದ್ದು ಕೈಗಾರಿಕಾ ಪ್ರದೇಶ. ಗಡಿಯ ನೆಲಕ್ಕೆ ಬೇಡಿಕೆ ನಿಲ್ಲುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ? 1894ರ ಹಳೆಯ ಭೂಸ್ವಾಧೀನ ಕಾಯ್ದೆಯನ್ನು ತೆಗೆದು 2013ರಲ್ಲಿ ಹೊಸ ಕಾಯ್ದೆಯನ್ನು ಮಾಡಿದರು. ಅದು 2014ರ ಜನವರಿ 1ರಿಂದ ಜಾರಿಗೆ ಬಂದಿತು. ಯೋಜನೆಯಿಂದ ಯಾರ ಬದುಕಿಗೆ ಏನಾಗುತ್ತದೆಂದು ಮೊದಲು ಅಳೆಯಬೇಕು, ಸಾರ್ವಜನಿಕ ಸಭೆ ಕರೆದು ಜನರ ಮಾತು ಕೇಳಬೇಕು ಎಂದು ಈ ಕಾಯ್ದೆ ವಿಧಿಸಿತು. ನೆಲದ ಒಡೆಯನನ್ನಷ್ಟೇ ಅಲ್ಲದೆ, ಮೂರು ವರ್ಷದಿಂದ ಅಲ್ಲಿ ದುಡಿದು ಬದುಕುತ್ತಿರುವ ಕೂಲಿಕಾರ, ಗೇಣಿದಾರ, ಕುಶಲಕರ್ಮಿಗಳನ್ನೂ ಬಾಧಿತರೆಂದು ಲೆಕ್ಕಕ್ಕೆ ಹಿಡಿಯಿತು. ಇದು ದೊಡ್ಡ ಹೆಜ್ಜೆಯೇ ಸರಿ.

ಆದರೆ ಅದೇ ಕಾಯ್ದೆಯ ಕೊನೆಯಲ್ಲಿ ನಾಲ್ಕನೆಯ ಅನುಸೂಚಿ ಎಂಬ ಪಟ್ಟಿಯಿದೆ. ಅದರಲ್ಲಿ ಹೆಸರಿಸಿದ 13 ಕಾಯ್ದೆಗಳ ಕೆಳಗೆ ನಡೆಯುವ ಸ್ವಾಧೀನಕ್ಕೆ ಈ ನಿಯಮಗಳು ತಾವಾಗಿ ಅನ್ವಯಿಸುವುದಿಲ್ಲ. 1886ರ ಟ್ರಾಮ್‌ವೇ ಕಾಯ್ದೆ, 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ, ಮೆಟ್ರೋ ಕಾಮಗಾರಿಯ 1978ರ ಕಾಯ್ದೆ, 1989ರ ರೈಲ್ವೆ ಕಾಯ್ದೆ ಆ ಪಟ್ಟಿಯಲ್ಲಿವೆ. 2015ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿ, ಪರಿಹಾರ ಮತ್ತು ಪುನರ್ವಸತಿಯ ಅಂಶಗಳನ್ನು ಇವುಗಳಿಗೂ ವಿಸ್ತರಿಸಿತು. ಸಾಮಾಜಿಕ ಪರಿಣಾಮದ ವಿಚಾರಣೆಯನ್ನು ವಿಸ್ತರಿಸಲಿಲ್ಲ. ಅಂದರೆ ದುಡ್ಡು ಕೊಡಬೇಕೆಂದಾಯಿತು, ಮೊದಲು ಮಾತು ಕೇಳಬೇಕೆಂದು ಆಗಲಿಲ್ಲ. ಕಾಯ್ದೆ ಎಲ್ಲಿ ಬಾಯಿ ಕಟ್ಟಿಕೊಳ್ಳುತ್ತದೋ ಅಲ್ಲಿ ಧರ್ಮದ ಪ್ರಶ್ನೆ ಆರಂಭವಾಗುತ್ತದೆ.

ಎರಡು ಗುಂಟೆ ನೆಲವನ್ನು ಒಬ್ಬ ರೈತ ತಿಳಿದು, ಒಪ್ಪಿ, ಊರಿಗೆಂದು ಬಿಟ್ಟುಕೊಡುತ್ತಾನೆ. ಅದೇ ಅಳತೆಯ ನೆಲವನ್ನು ಇನ್ನೊಬ್ಬನಿಂದ ನೋಟೀಸು ಅಂಟಿಸಿ ತೆಗೆದುಕೊಳ್ಳುತ್ತಾರೆ. ಇಬ್ಬರಿಗೂ ಸಿಕ್ಕ ಹಣ ಒಂದೇ ಎಂದಿಟ್ಟುಕೊಳ್ಳಿ. ಲೆಕ್ಕದ ಪುಸ್ತಕದಲ್ಲಿ ವ್ಯತ್ಯಾಸವೇ ಇಲ್ಲ. ಆದರೆ ಮೊದಲನೆಯವನದು ದಾನ, ಎರಡನೆಯವನದು ನಷ್ಟ. ಮೊದಲನೆಯವನು ಮುಂದೆ ಆ ರೈಲು ನೋಡಿದಾಗ “ಇದರಲ್ಲಿ ನನ್ನದೂ ಒಂದು ಪಾಲಿದೆ” ಎನ್ನುತ್ತಾನೆ. ಎರಡನೆಯವನು ಮುಖ ತಿರುಗಿಸುತ್ತಾನೆ. ಈ ಅಂತರವನ್ನು ಮಾಡಿದ್ದು ಹಣವಲ್ಲ. ಕೇಳಿದ್ದು ಮತ್ತು ಕೇಳದೇ ಇದ್ದದ್ದು. ಕೇಳದೆ ತೆಗೆದುಕೊಂಡು ಅದನ್ನು ತ್ಯಾಗವೆಂದು ಹೊಗಳುವುದು ಸರಿಯಲ್ಲ.

“ಎಲ್ಲರನ್ನೂ ಕೇಳುತ್ತ ಕುಳಿತರೆ ಯಾವ ಕೆಲಸವೂ ಆಗದು” ಎಂಬ ವಾದವುಂಟು. ಇದನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ತಡವಾದಷ್ಟೂ ಬಸ್ಸಿನಲ್ಲಿ ನಿಂತು ಸವೆಯುವವರು ಬಡವರೇ. ಆ ಮನೆಯ ತಮ್ಮನ ಕಷ್ಟವೂ ಕಷ್ಟವೇ. ಆದರೆ ತಡವಾಗುವುದೆಲ್ಲ ಜನರನ್ನು ಕೇಳಿದ್ದರಿಂದ ಅಲ್ಲ. ಹಳದಿ ಮಾರ್ಗವನ್ನೇ ನೋಡಿ. ಹಳಿ, ನಿಲ್ದಾಣಗಳು ಸಿದ್ಧವಾದ ಮೇಲೂ ರೈಲುಬಂಡಿಗಳು ಸಕಾಲಕ್ಕೆ ಬಾರದೆ ಕಾಯಬೇಕಾಯಿತು. ಆರಂಭವಾದಾಗ ಮೂರೇ ರೈಲುಗಳು, 25 ನಿಮಿಷಕ್ಕೊಂದು. ಇತ್ತ, ಮೊದಲ ಹಂತದಲ್ಲಿ ಮರಗಳನ್ನು ಕಡಿಯುವಾಗ 2009ರಲ್ಲಿ ಜಯನಗರದ ನಂದಾ ರಸ್ತೆಯಲ್ಲಿ, ಲಾಲ್‌ಬಾಗಿನಲ್ಲಿ ನಾಗರಿಕರು ಬೀದಿಗಿಳಿದರು. ಅವರು ಬೀದಿಗೆ ಬರುವ ಹೊತ್ತಿಗೆ ನಕ್ಷೆ ಬರೆದು ಮುಗಿದಿತ್ತು. ಬಿತ್ತುವ ಮುಂಚೆ ಕೇಳಬೇಕಾದ್ದನ್ನು ಕೊಯ್ಲಿನಲ್ಲಿ ಕೇಳಿದರೆ ಜಗಳವಲ್ಲದೆ ಬೇರೇನು ಬೆಳೆದೀತು?

ಇನ್ನೊಂದು ಮಾತು. ರೈಲು ಓಡಿತೆಂದು ಚರ್ಚೆ ಮುಗಿಯಲಿಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರು ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಯಾರ ಹೆಸರಿನಲ್ಲಿ ಕಟ್ಟಿದ್ದೋ ಅವರ ಕೈಗೆ ಅದು ಎಟಕುತ್ತದೆಯೇ ಎಂಬುದನ್ನು ಆಗಾಗ ಕೇಳುತ್ತಿರಬೇಕು. ನಿಜವಾಗಿ ಬೇಕಾದ್ದು ಮೆಟ್ರೋನೋ, ರಸ್ತೆಮಟ್ಟದಲ್ಲಿ ಓಡುವ ಹಗುರ ರೈಲೋ, ಒಳ್ಳೆಯ ಬಸ್ಸುಗಳೋ ಎಂಬುದನ್ನು ತೂಗಿ ನೋಡಬೇಕೆಂದು ಕೇಂದ್ರದ 2017ರ ಮೆಟ್ರೋ ರೈಲು ನೀತಿಯೇ ಹೇಳಿದೆ. ಆ ತಕ್ಕಡಿ ಕಚೇರಿಯೊಳಗೆ ಇದ್ದರೆ ಸಾಲದು, ಊರಿನ ಕಣ್ಣಿಗೆ ಕಾಣಬೇಕು.

ಕೇಳಿಸಿಕೊಳ್ಳುವವರಿಗೆ ಮಾತ್ರವಲ್ಲ, ಹೇಳುವವರಿಗೂ ಕರ್ತವ್ಯವಿದೆ. ಸಭೆಗೆ ಹೋಗಿ ನಮ್ಮ ಗುಂಟೆ, ನಮ್ಮ ಮಳಿಗೆ ಎಂದಷ್ಟೇ ಕೂಗಿದರೆ ಅದು ಚರ್ಚೆಯಾಗದು, ಸಂತೆಯಾದೀತು. ಲಾಭವಾಗುವವನು ನಷ್ಟವಾಗುವವನ ಪರವಾಗಿ ಮೊದಲು ಬಾಯಿ ತೆರೆಯಬೇಕು. ಅಂಗಡಿಯ ಒಡೆಯ ತನ್ನ ಬಾಡಿಗೆದಾರನ ಹೆಸರನ್ನೂ ಬರೆಸಬೇಕು. ಗಡಿಯಲ್ಲಿರುವ ನಮಗೆ ಇದು ಇನ್ನೂ ಹೆಚ್ಚಿನ ಹೊಣೆ. ಹೊಸೂರಿಗೆ ರೈಲು ಬರಬೇಕಾದರೆ ಅತ್ತಿಬೆಲೆ, ಚಂದಾಪುರದವರ ಗೋಡೆ ಬೀಳಬೇಕು. “ನಮಗೇನು ಲಾಭ?” ಎಂದು ಅವರು ಕೇಳಿದರೆ ತಪ್ಪಲ್ಲ. ಕನ್ನಡ ಸಂಘಟನೆಗಳ ಆತಂಕವನ್ನು ನಾವು ಪರರ ಮಾತೆಂದು ತಳ್ಳಲಾಗದು, ಅವರು ನಮ್ಮವರೇ. ಹೊಸೂರಿನಿಂದ ದುಡಿಯಲು ಹೋಗುವವರೂ ನಮ್ಮವರೇ. ಎರಡೂ ಕಡೆಯ ಮಾತು ಅರ್ಥವಾಗುವ ನಾವು ನಡುವೆ ನಿಂತು ಒಬ್ಬರ ಕಷ್ಟವನ್ನು ಇನ್ನೊಬ್ಬರಿಗೆ ತಿಳಿಸದಿದ್ದರೆ ಬೇರೆ ಯಾರು ತಿಳಿಸುತ್ತಾರೆ?

ಅಂದು ಜಗುಲಿಯಲ್ಲಿ ತೀರ್ಮಾನವೇನೂ ಆಗಲಿಲ್ಲ. ರೈಲು ಬೇಕೆಂದು ತಮ್ಮ, ಬೇಡವೆಂದು ಅಣ್ಣ ಇಂದಿಗೂ ಅನ್ನುತ್ತಿದ್ದಾರೆ. ಆದರೆ ಏಳುವ ಮುನ್ನ ಅಣ್ಣ ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿಸಿಕೊಂಡು, ಹೆದ್ದಾರಿಯ ಬದಿಯಲ್ಲಿ ಬಾಡಿಗೆಗೆ, ಕೂಲಿಗೆ ಬದುಕುವವರ ಹೆಸರುಗಳನ್ನು ತಮ್ಮನ ಕೈಯಲ್ಲಿ ಬರೆಸತೊಡಗಿದರು. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳುವುದಾಗಿ ಮಾತಾಯಿತು. ಮೊದಲ ಹೆಸರು ಪಂಕ್ಚರ್ ಅಂಗಡಿಯವರದು.

ಶರಣ ಬಂಧುಗಳೇ, ಹಳಿ ಎಲ್ಲಿಂದ ಎಲ್ಲಿಗೆ ಎಂಬುದನ್ನು ಇಂಜಿನಿಯರುಗಳು ಅಳೆಯಲಿ. ಅದರ ದಾರಿಯಲ್ಲಿ ಯಾರಿದ್ದಾರೆ ಎಂಬುದನ್ನು ನಾವು ಮುಂಚೆಯೇ ಎಣಿಸಿ ಹೇಳೋಣ. ನಿಮ್ಮ ನಿಮ್ಮ ಊರಿನಲ್ಲೂ ಇಂಥ ಒಂದು ಹಾಳೆ ಸಿದ್ಧವಾಗಲಿ.