ಪ್ರಮಾಣಕ್ಕೆ ಸಾಕ್ಷಿ ಯಾರು?

ಅಧಿಕಾರ ವಹಿಸಿಕೊಳ್ಳುವವರು ಜನರೆದುರು ನಿಂತು ಪ್ರಮಾಣ ಮಾಡಬೇಕೆಂಬ ಪದ್ಧತಿಯ ಹಿಂದೆ, ಕೊಟ್ಟ ಮಾತು ನಿಲ್ಲಬೇಕಾದರೆ ಅದನ್ನು ಕೇಳಿಸಿಕೊಂಡವರು ಇರಬೇಕು ಎಂಬ ಬಹಳ ಹಳೆಯ ನಂಬಿಕೆಯಿದೆ. 2021ರ ಜನವರಿ 20ರಂದು ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದ ಪಶ್ಚಿಮ ದಿಕ್ಕಿನ ವೇದಿಕೆಯಲ್ಲಿ ಜೋ ಬೈಡನ್ ಅಮೆರಿಕದ 46ನೆಯ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದಾಗ ಈ ನಂಬಿಕೆ ಹಿಂದೆಂದೂ ಕಾಣದ ಪರೀಕ್ಷೆಗೆ ಒಳಗಾಯಿತು. ಲಕ್ಷಾಂತರ ಜನ ನಿಲ್ಲುತ್ತಿದ್ದ ಎದುರಿನ ವಿಶಾಲ ಬಯಲಿನಲ್ಲಿ ಅಂದು ಸುಮಾರು 2 ಲಕ್ಷ ಬಾವುಟಗಳನ್ನು ನೆಡಲಾಗಿತ್ತು. ಕೋವಿಡ್ ಸೋಂಕಿನ ಭಯದಿಂದ ಸಂಸತ್ ಸದಸ್ಯರಿಗೆ ತಲಾ ಒಬ್ಬ ಅತಿಥಿಯನ್ನು ಮಾತ್ರ ಕರೆತರಲು ಅವಕಾಶವಿತ್ತು. ಉಳಿದ ಪ್ರಜೆಗಳೆಲ್ಲ ಮನೆಯಲ್ಲೇ ಕುಳಿತು ಟಿವಿಯಲ್ಲಿ ನೋಡಬೇಕೆಂದು ಸಮಾರಂಭದ ಆಯೋಜಕರೇ ಕೇಳಿಕೊಂಡಿದ್ದರು. ಹಾಗೆ ಮನೆಯಲ್ಲಿ ಕುಳಿತು ನೋಡಿದವರು ಆ ಪ್ರಮಾಣಕ್ಕೆ ಸಾಕ್ಷಿಗಳಾದರೇ, ಇಲ್ಲವೇ ಬರಿಯ ಪ್ರೇಕ್ಷಕರಾಗಿ ಉಳಿದರೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ರಾಜಕೀಯದ್ದಾಗಿ ಕಂಡರೂ ಅದರ ಬೇರು ಧರ್ಮಚಿಂತನೆಯಲ್ಲಿದೆ.

ಕಾನೂನಿನ ದೃಷ್ಟಿಯಿಂದ ಜನಸಂದಣಿಗೆ ಯಾವ ಸ್ಥಾನವೂ ಇಲ್ಲ. ಅಮೆರಿಕದ ಸಂವಿಧಾನದ ಎರಡನೆಯ ವಿಧಿ ಅಧ್ಯಕ್ಷರ ಪ್ರಮಾಣವನ್ನು ಮೂಲ ಇಂಗ್ಲಿಷಿನ 35 ಪದಗಳಲ್ಲಿ ಬರೆದಿಟ್ಟಿದೆ. ಅದರಲ್ಲಿ ದೇವರ ಹೆಸರಿಲ್ಲ, ಧರ್ಮಗ್ರಂಥದ ಮಾತಿಲ್ಲ, ಆಣೆ ಇಡಲು ಮನಸ್ಸೊಪ್ಪದವರು ಅದರ ಬದಲಿಗೆ ದೃಢವಚನ ನೀಡಬಹುದೆಂಬ ಆಯ್ಕೆಯೂ ಇದೆ. ಭಾರತದ ಸಂವಿಧಾನವೂ ದೇವರ ಹೆಸರಿನಲ್ಲಿ ಅಥವಾ ಸತ್ಯನಿಷ್ಠೆಯಿಂದ ಎಂಬ ಇದೇ ಬಗೆಯ ಆಯ್ಕೆಯನ್ನು ಕೊಡುತ್ತದೆ. ಆಣೆಯನ್ನೇ ಇಡಬಾರದೆಂದು ಯೇಸು ಬೆಟ್ಟದ ಮೇಲಿನ ಬೋಧನೆಯಲ್ಲಿ ಹೇಳಿದ್ದನ್ನು ಅಕ್ಷರಶಃ ಪಾಲಿಸುವ ಕ್ವೇಕರರಂತಹ ಪಂಥದವರನ್ನು ಈ ಆಯ್ಕೆ ಗೌರವಿಸುತ್ತದೆ ಎಂಬುದನ್ನು ಗಮನಿಸಬೇಕು. 1853ರಲ್ಲಿ ಅಧ್ಯಕ್ಷರಾಗುವಾಗ ಫ್ರಾಂಕ್ಲಿನ್ ಪಿಯರ್ಸ್ ಆಣೆಯಿಡದೆ ದೃಢವಚನವನ್ನೇ ನೀಡಿದರು. ಜನಸಂದಣಿಯಂತೂ ಬೇಕೇ ಇಲ್ಲ: 1923ರ ಆಗಸ್ಟಿನಲ್ಲಿ ಅಧ್ಯಕ್ಷರಾಗುವಾಗ ಕ್ಯಾಲ್ವಿನ್ ಕೂಲಿಡ್ಜ್ ನಡುರಾತ್ರಿ ಕಳೆದ ಮೇಲೆ, ವರ್ಮಾಂಟಿನ ಹಳ್ಳಿಯ ಮನೆಯಲ್ಲಿ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ನೋಟರಿಯಾಗಿದ್ದ ಸ್ವಂತ ತಂದೆಯ ಎದುರು ಪ್ರಮಾಣ ಮಾಡಿದರು.

ಹಾಗಾದರೆ ಪ್ರಮಾಣವನ್ನು ಪ್ರಮಾಣವನ್ನಾಗಿಸುವುದು ಯಾವುದು? ಬ್ರಿಟಿಷ್ ತತ್ತ್ವಜ್ಞ ಜೆ. ಎಲ್. ಆಸ್ಟಿನ್ ಕೆಲವು ಮಾತುಗಳು ಲೋಕದ ಸ್ಥಿತಿಯನ್ನು ವರ್ಣಿಸುವುದಿಲ್ಲ, ಆಡಿದೊಡನೆಯೇ ಒಂದು ಕೆಲಸವನ್ನು ಮಾಡಿ ಮುಗಿಸುತ್ತವೆ ಎಂದು ತೋರಿಸಿಕೊಟ್ಟರು. ಮಾತು ಕೊಡುವುದು, ಹೆಸರಿಡುವುದು, ಶಪಿಸುವುದು ಈ ಜಾತಿಗೆ ಸೇರಿದವು, ಇವನ್ನು ಕ್ರಿಯಾವಾಕ್ಯಗಳೆನ್ನಬಹುದು. ಕ್ರಿಯಾವಾಕ್ಯ ಸುಳ್ಳಾಗುವುದಿಲ್ಲ, ವಿಧಿ ತಪ್ಪಿದರೆ ವಿಫಲವಾಗುತ್ತದೆ. 2009ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ವಚನ ಬೋಧಿಸುವಾಗ ‘ನಿಷ್ಠೆಯಿಂದ’ ಎಂಬರ್ಥದ ಪದ ತನ್ನ ಸ್ಥಾನ ಬಿಟ್ಟು ಸರಿದಿದ್ದರಿಂದ, ಬರಾಕ್ ಒಬಾಮಾ ಮರುದಿನ ಶ್ವೇತಭವನದ ಒಂದು ಕೊಠಡಿಯಲ್ಲಿ, ಬೈಬಲ್ ಇಲ್ಲದೆ, ಬೆರಳೆಣಿಕೆಯ ಜನರೆದುರು ಮತ್ತೆ ಪ್ರಮಾಣ ಮಾಡಿದರು. ಹಿಂದಿನ ದಿನ ಲಕ್ಷಾಂತರ ಜನ ಸೇರಿದ್ದ ಬಯಲು ಆ ಒಂದು ಪದದ ಲೋಪವನ್ನು ತುಂಬಿಕೊಡಲಾರದೆ ಹೋಗಿತ್ತು. ಪ್ರಮಾಣಕ್ಕೆ ಬೇಕಾದದ್ದು ಸರಿಯಾದ ಮಾತು, ಅದನ್ನಾಡುವವರು ಮತ್ತು ಅದನ್ನು ಕೇಳಿ ಮುಂದೊಂದು ದಿನ ಲೆಕ್ಕ ಕೇಳಬಲ್ಲವರು. ಕೊನೆಯವರು ಎಲ್ಲಿ ಕುಳಿತಿದ್ದಾರೆ ಎಂಬುದು ಮುಖ್ಯವಲ್ಲ ಎಂದು ಇದರಿಂದ ಹೇಳಬಹುದು.

ಇದೇ ಪ್ರಶ್ನೆಯನ್ನು ಕೋವಿಡ್ ಕಾಲದಲ್ಲಿ ಕ್ರೈಸ್ತ ಸಭೆಗಳು ಇನ್ನೂ ತೀವ್ರವಾಗಿ ಎದುರಿಸಿದ್ದವು. ಕೆನಡಿಯವರ ನಂತರ ಅಧ್ಯಕ್ಷರಾದ ಎರಡನೆಯ ಕ್ಯಾಥೊಲಿಕರಾದ ಬೈಡನ್ ಪ್ರಮಾಣದ ದಿನ ಬೆಳಿಗ್ಗೆ ಸಂತ ಮ್ಯಾಥ್ಯೂ ಪ್ರಧಾನಾಲಯದ ಬಲಿಪೂಜೆಯಲ್ಲಿ ಪಾಲ್ಗೊಂಡಿದ್ದರು. ಕೋಟ್ಯಂತರ ಕ್ಯಾಥೊಲಿಕರಾದರೋ ತಿಂಗಳುಗಟ್ಟಲೆ ಬಲಿಪೂಜೆಯನ್ನು ಪರದೆಯ ಮೇಲೆ ಮಾತ್ರ ಕಂಡಿದ್ದರು. ಈ ವಿಷಯದಲ್ಲಿ ಆ ಧರ್ಮಸಭೆಗೆ ಒಂದು ಸ್ವಾರಸ್ಯದ ಪರಂಪರೆಯಿದೆ. 13ನೆಯ ಶತಮಾನದ ಅಸಿಸಿಯ ಸಂತ ಕ್ಲಾರಾ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಕ್ರಿಸ್‌ಮಸ್ ರಾತ್ರಿ, ದೂರದ ದೇವಾಲಯದ ಪೂಜೆ ಅವರಿದ್ದ ಕೋಣೆಯಲ್ಲೇ ಕಂಡಿತು, ಕೇಳಿಸಿತು ಎಂಬ ಐತಿಹ್ಯವನ್ನು ನೆನೆದು ಪೋಪ್ ಹನ್ನೆರಡನೆಯ ಪಯಸ್ 1958ರಲ್ಲಿ ಅವರನ್ನು ಟೆಲಿವಿಷನ್ನಿನ ಪಾಲಕ ಸಂತರೆಂದು ಘೋಷಿಸಿದರು. ಆದರೂ ಆ ಸಭೆ ಪರದೆಯನ್ನು ದೇವಾಲಯಕ್ಕೆ ಸಮನೆಂದು ಒಪ್ಪಲಿಲ್ಲ: ಆಶೀರ್ವಾದ ದೂರದಿಂದಲೂ ತಲುಪುತ್ತದೆ, ಪರಮಪ್ರಸಾದವನ್ನು, ಅಂದರೆ ಕ್ರಿಸ್ತನ ಶರೀರವೆಂದು ನಂಬಿ ಸ್ವೀಕರಿಸುವ ರೊಟ್ಟಿಯನ್ನು, ಬಾಯಿಗೇ ಪಡೆಯಬೇಕು. ಮಾತಿನಿಂದ ಆಗುವುದಕ್ಕೂ ದೇಹ ಬೇಡುವುದಕ್ಕೂ ನಡುವೆ ಎಳೆದ ಈ ಗೆರೆ ವಿವೇಕದ್ದು, ಮತ್ತು ಅಂದಿನ ಸಮಾರಂಭವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಸಾಧನ ಸಿಗಲಾರದು.

ಪ್ರಮಾಣ ಪೂರ್ತಿಯಾಗಿ ಮಾತಿನ ಕಡೆಗೆ ಸೇರಿದ್ದು. ಬೈಡನ್ ಮಾಸ್ಕ್ ತೆಗೆದು, 1893ರಿಂದ ಮನೆತನದಲ್ಲಿ ಉಳಿದುಬಂದ, ಹೊದಿಕೆಯ ಮೇಲೆ ಕೆಲ್ಟಿಕ್ ಶಿಲುಬೆಯಿರುವ ದಪ್ಪನೆಯ ಬೈಬಲನ್ನು ಪತ್ನಿ ಎರಡು ಕೈಗಳಲ್ಲಿ ಹಿಡಿದುಕೊಂಡಿರಲು ಅದರ ಮೇಲೆ ಎಡಗೈಯಿಟ್ಟು ನುಡಿದ ಮಾತು, ಮನೆಯಲ್ಲಿ ಕುಳಿತವರಿಗೆ ಹಿಂದೆಲ್ಲ ಬಯಲಿನ ಕೊನೆಯಲ್ಲಿ ನಿಲ್ಲುತ್ತಿದ್ದವರಿಗಿಂತ ಸ್ಪಷ್ಟವಾಗಿಯೇ ಕೇಳಿಸಿತು. ಕೇಳಿಸಿಕೊಂಡವರು ಅದನ್ನು ನೆನಪಿಟ್ಟುಕೊಂಡಷ್ಟು ಮಟ್ಟಿಗೆ ಅವರು ಪೂರ್ಣ ಸಾಕ್ಷಿಗಳೇ ಸರಿ. ಆದರೆ ಶೋಕ ಹಾಗಲ್ಲ. ಹಿಂದಿನ ಸಂಜೆ ಲಿಂಕನ್ ಸ್ಮಾರಕದ ಎದುರಿನ ಕೊಳದ ಸುತ್ತ, ಅಷ್ಟರಲ್ಲಿ ಸೋಂಕಿನಿಂದ ಸತ್ತಿದ್ದ 4 ಲಕ್ಷ ಅಮೆರಿಕನ್ನರ ನೆನಪಿಗೆ 400 ದೀಪಗಳನ್ನು ಬೆಳಗಿಸಲಾಗಿತ್ತು, ಪ್ರಮಾಣದ ನಂತರದ ಭಾಷಣದಲ್ಲಿ ಅವರಿಗಾಗಿ ಮೌನಪ್ರಾರ್ಥನೆಯೂ ನಡೆಯಿತು. ಸತ್ತವರಲ್ಲಿ ಅನೇಕರು ಹತ್ತಿರದವರ ಕೈ ಹಿಡಿಯಲಾಗದೆ ಆಸ್ಪತ್ರೆಯ ಬಾಗಿಲಿನಾಚೆ ತೀರಿಕೊಂಡಿದ್ದರು, ಅವರ ಅಂತ್ಯಕ್ರಿಯೆಗಳನ್ನೂ ಬಂಧುಗಳು ಫೋನಿನ ಪರದೆಯಲ್ಲಿ ನೋಡಿದ್ದರು. ಅಂಥ ಬಂಧುಗಳಿಗೆ ಬೇಕಾಗಿದ್ದದ್ದು ಪಕ್ಕದಲ್ಲಿ ಅಳುವ ಇನ್ನೊಂದು ಜೀವ. ದೀಪಗಳು ಸುಂದರವಾಗಿದ್ದವು, ಸತ್ತವರನ್ನು ಒಟ್ಟಾಗಿ ನೆನೆಯುವ ಆ ಕರ್ತವ್ಯ ಅಷ್ಟು ದಿನ ತಡವಾದದ್ದೇ ನೋವಿನ ಸಂಗತಿ. ಆದರೂ ಪರದೆಯಲ್ಲಿ ಕಂಡ ದೀಪ ಆ ದೇಹಸಾಮೀಪ್ಯದ ಸ್ಥಾನ ತುಂಬಲಾರದು. ಬಯಲಿನ ಬಾವುಟಗಳು ಬರಲಾಗದವರ ಪರವಾಗಿ ನಿಂತವು ನಿಜ, ಆದರೆ ಒಂದು ಬಾವುಟ ಇನ್ನೊಂದರ ಕಡೆ ತಿರುಗಿ ನೋಡುವುದಿಲ್ಲ.

ಸಮಾಜಶಾಸ್ತ್ರಜ್ಞ ರಾಬರ್ಟ್ ಬೆಲ್ಲಾ 1967ರಲ್ಲಿ ಇಂಥ ಸಮಾರಂಭಗಳನ್ನು ‘ನಾಗರಿಕ ಧರ್ಮ’ದ ಆಚರಣೆಗಳೆಂದು ಕರೆದರು, ಯಾವುದೇ ಒಂದು ಮತಕ್ಕೆ ಸೇರದೆ, ಇಡೀ ರಾಷ್ಟ್ರವನ್ನು ತನಗಿಂತ ಮೇಲಿನ ನ್ಯಾಯವೊಂದರ ಎದುರು ನಿಲ್ಲಿಸುವ ನಂಬಿಕೆ ಮತ್ತು ವಿಧಿಗಳ ಸಮೂಹ ಎಂದು ಅದರ ಅರ್ಥ. ಅಂಥ ರಾಷ್ಟ್ರವನ್ನು ಒಂದಾಗಿಸುವುದು ಯಾವುದು ಎಂಬುದಕ್ಕೆ ಬೈಡನ್ ಪ್ರಮಾಣದ ದಿನದ ಭಾಷಣದಲ್ಲಿ ನೆನೆದದ್ದು ಸಂತ ಅಗಸ್ಟೀನರ ವಿಚಾರವನ್ನು. ರೋಮ್ ನಗರ 410ರಲ್ಲಿ ಲೂಟಿಯಾದ ನಂತರ ಬರೆದ ‘ದೇವನಗರ’ದಲ್ಲಿ ಅಗಸ್ಟೀನರು, ಒಂದು ಜನತೆಯನ್ನು ಒಟ್ಟುಗೂಡಿಸುವುದು ಅವರೆಲ್ಲ ಸಮಾನವಾಗಿ ಪ್ರೀತಿಸುವ ಸಂಗತಿಗಳೆಂದು ಹೇಳುತ್ತಾರೆ. ಈ ಲಕ್ಷಣ ಒಂದೆಡೆ ಸೇರುವುದನ್ನು ಬೇಡುವುದಿಲ್ಲವಾದ್ದರಿಂದ ಮನೆಮನೆಗಳಲ್ಲಿ ಚದುರಿ ಕುಳಿತವರೂ ಒಂದು ಜನತೆಯೇ ಆಗಬಲ್ಲರು. ಅದು ಬೇಡುವುದು ಇನ್ನೂ ಕಠಿಣವಾದದ್ದನ್ನು, ಅಂದರೆ ಸೋತವರೂ ಗೆದ್ದವರೂ ಒಂದೇ ವಸ್ತುವನ್ನು ಪ್ರೀತಿಸುವುದನ್ನು.

ಈ ಕಾರಣದಿಂದಲೇ ಖಾಲಿ ಬಯಲಿಗಿಂತ ಖಾಲಿಯಾದ ಒಂದು ಕುರ್ಚಿ ಹೆಚ್ಚು ಚಿಂತೆಗೆ ಅರ್ಹ. ಪ್ರಮಾಣಕ್ಕೆ ಎರಡು ವಾರ ಮೊದಲು, ಜನವರಿ 6ರಂದು, ಇದೇ ಕ್ಯಾಪಿಟಲ್ ಭವನಕ್ಕೆ ಗುಂಪೊಂದು ನುಗ್ಗಿ ಮತಗಳ ಎಣಿಕೆಯನ್ನು ನಿಲ್ಲಿಸಲು ಯತ್ನಿಸಿತ್ತು. ಪ್ರಮಾಣದ ದಿನ ಕಾವಲಿಗೆ ಸುಮಾರು 25,000 ಸೈನಿಕರು ಬೇಕಾದರು. ಅಂದು ಅಧಿಕಾರ ಬಿಟ್ಟುಕೊಡುತ್ತಿದ್ದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಬೆಳಿಗ್ಗೆಯೇ ಫ್ಲಾರಿಡಾಗೆ ಹೊರಟುಹೋಗಿದ್ದರು. ಚುನಾಯಿತ ಉತ್ತರಾಧಿಕಾರಿಯ ಸಮಾರಂಭವನ್ನು ಬೇಕೆಂದೇ ಬಿಟ್ಟ ಇಂಥ ಘಟನೆ 1869ರ ಆಂಡ್ರೂ ಜಾನ್ಸನ್ ನಂತರ ನಡೆದಿರಲಿಲ್ಲ. ಗೆದ್ದವರ ಪಕ್ಷದ ಲಕ್ಷ ಜನ ಕೂಗಿದರೂ ಅವರದು ಸಂತೋಷದ ಸಾಕ್ಷ್ಯ, ಅದಕ್ಕೆ ಅವರು ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ಸೋತವರು ಬಂದು ಕುಳಿತಾಗ ಮಾತ್ರ ತಮ್ಮ ಇಚ್ಛೆಗಿಂತ ದೊಡ್ಡದೊಂದಿದೆ ಎಂದು ಒಪ್ಪಿದಂತಾಗುತ್ತದೆ, ಮತ್ತು ಆ ಒಪ್ಪಿಗೆಯನ್ನು ಬೇರೆ ಯಾರೂ ಅವರ ಪರವಾಗಿ ಕೊಡಲಾರರು. ಜನವರಿ 6ರಂದು ಆ ಗುಂಪು ಯಾರನ್ನು ಗಲ್ಲಿಗೇರಿಸಬೇಕೆಂದು ಕೂಗಿತ್ತೋ ಆ ಆಗಿನ ಉಪಾಧ್ಯಕ್ಷ ಮೈಕ್ ಪೆನ್ಸ್, ತಾವೂ ಸೋತ ಪಕ್ಷದವರಾಗಿದ್ದರೂ, ಅಂದು ಬಂದು ಅಂತರ ಬಿಟ್ಟು ಹಾಕಿದ್ದ ಕುರ್ಚಿಗಳ ನಡುವೆ ಮಾಸ್ಕ್ ಧರಿಸಿ ಕುಳಿತು ಪ್ರಮಾಣವನ್ನು ಕೊನೆಯವರೆಗೆ ಕೇಳಿದರು.