ಒಂದು ಕೊಕ್ಕೆಯ ಮಾತು

ಇಂಗ್ಲೆಂಡಿನ ಲೇಖಕಿ ಲಿನ್ ಟ್ರಸ್ ವಿರಾಮ ಚಿಹ್ನೆಗಳ ಪರವಾಗಿ ಹೂಡಿದ ಜಗಳ 2003ರಲ್ಲಿ ಪುಸ್ತಕವಾಗಿ ಬಂದು ಲಕ್ಷಗಟ್ಟಲೆ ಮಾರಾಟವಾಯಿತು. 2006ರಲ್ಲಿ ಅದೇ ಹೆಸರಿನಿಂದ ಮಕ್ಕಳಿಗೊಂದು ಚಿತ್ರಪುಸ್ತಕವೂ ಹೊರಟಿತು. ಚಿತ್ರಗಳು ಬಾನಿ ಟಿಮ್ಮನ್ಸ್ ಅವರವು. ಉಪಾಯ ಸರಳ. ಅವೇ ಮಾತುಗಳ ಎರಡು ವಾಕ್ಯ, ಅಕ್ಕಪಕ್ಕ ಎರಡು ಚಿತ್ರ, ವ್ಯತ್ಯಾಸವೆಲ್ಲ ಅಲ್ಪವಿರಾಮದ್ದು. ಮಗು ನಗುತ್ತದೆ, ನಗುತ್ತಲೇ ಕಲಿಯುತ್ತದೆ.

ನಗಿಸಿ ಕಲಿಸುವುದು ಒಳ್ಳೆಯದೇ. ಆದರೆ ಕಲಿಸುವುದು ಏನನ್ನು? ಬರಿಯ ನಿಯಮವನ್ನೇ?

ನಮ್ಮ ಓಲೆಗರಿಯ ಲಿಪಿಕಾರ ಪದಗಳ ನಡುವೆ ಜಾಗವನ್ನೂ ಬಿಡದೆ ಬರೆದುಕೊಂಡು ಹೋದ. ಬೇಕೆನಿಸಿದಲ್ಲಿ ಒಂದು ದಂಡ, ಎರಡು ದಂಡ ಎಳೆದ, ಅಷ್ಟೆ. ಪ್ರಶ್ನೆಗೆ 'ಬಂದನೆ' ಎಂಬಲ್ಲಿನ ಸ್ವರವೇ ಸಾಕು; ಪರರ ಮಾತು ಮುಗಿಯಿತೆನ್ನಲು 'ಎಂದು' ಉಂಟು. ಅಲ್ಪವಿರಾಮ ನಮಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಯೂರೋಪಿನಿಂದ, ಅಚ್ಚುಮೊಳೆಗಳ ಜೊತೆಯಲ್ಲಿ. ಹಾಗೆಂದು ಅದನ್ನು ಪರದೇಶಿಯೆಂದು ಹೊರಗಟ್ಟಲು ನಾನು ಸಿದ್ಧನಿಲ್ಲ.

'ಅಜ್ಜಿ ಬಂದಳು.' ಚಿತ್ರದಲ್ಲಿ ಅಜ್ಜಿ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. 'ಅಜ್ಜಿ, ಬಂದಳು.' ಈಗ ಅಜ್ಜಿ ಒಳಗೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಳೆ. ಬಾಗಿಲಲ್ಲಿರುವವಳು ಬಹುದಿನ ಕಾದ ಮಗಳು. ಇಷ್ಟಕ್ಕೆ ಮಗು ನಕ್ಕೀತು. ಮುಂದಿನ ಪುಟ: 'ಕಿಟ್ಟ ಕದ್ದ.' ಪಕ್ಕದಲ್ಲಿ, 'ಕಿಟ್ಟ, ಕದ್ದ.' ಮೊದಲನೆಯದರಲ್ಲಿ ಕಿಟ್ಟ ಕಳ್ಳ. ಎರಡನೆಯದರಲ್ಲಿ ಅವನು ಸುದ್ದಿ ಕೇಳುತ್ತಿರುವ ಹುಡುಗ, ಕದ್ದವನು ಬೇರೊಬ್ಬ. ಇಲ್ಲಿ ಮಗು ನಗುವುದಿಲ್ಲ, ಕಿಟ್ಟನ ಮುಖ ನೋಡುತ್ತದೆ. ಬಾಯಲ್ಲಾದರೆ 'ಕಿಟ್ಟಾ' ಎಂದು ಸ್ವರವೆಳೆದು, ಅವನ ಕಡೆ ತಿರುಗಿ ಹೇಳುತ್ತೇವೆ. ಬರೆದಿಟ್ಟ ಚೀಟಿಯ ಪಕ್ಕದಲ್ಲಿ ಬರೆದವನು ನಿಂತಿರುವುದಿಲ್ಲ. ಯಾರೋ ಅಪರಿಚಿತ ಅದನ್ನು ಓದುತ್ತಾನೆ. ಒಬ್ಬ ಹುಡುಗನ ಮಾನ ಆ ಕೊಕ್ಕೆಗೆ ತಗುಲಿಕೊಂಡಿರುತ್ತದೆ. ಎದುರಿಗಿಲ್ಲದವರಿಗೂ ನಾವು ನ್ಯಾಯವಾಗಿ ನಡೆದುಕೊಳ್ಳಬೇಕೆಂಬುದನ್ನು ಆರು ವರ್ಷದ ಮಗುವಿಗೆ ಇದಕ್ಕಿಂತ ಸುಲಭವಾಗಿ ಹೇಗೆ ತೋರಿಸುವುದೋ ನಾನರಿಯೆ.

ಅಲ್ಪವಿರಾಮಕ್ಕೆ ಟೋಪಿ, ಬೂಟು ತೊಡಿಸಿ ಕುಣಿಸುವ ಕಥೆಗಳೂ ಉಂಟು. ಅವುಗಳಿಂದ ಮಗುವಿಗೆ ಟೋಪಿ ನೆನಪಿರುತ್ತದೆ.

ನನಗೆ ನಿಜವಾಗಿ ಅಂಜಿಕೆ ಭಾವಸೂಚಕ ಚಿಹ್ನೆಯದು. ಗುಹೆಯಿಂದ ಹುಲಿ ಹೊರಬಿತ್ತೆನ್ನಿ. ಚಿತ್ರದಲ್ಲಿ ಹುಲಿ ಬಾಯ್ತೆರೆದೇ ಇದೆ, ಆದರೂ ಕೆಳಗೆ ಮೂರು ಭಾವಸೂಚಕಗಳು. ಬೆಚ್ಚು ಎಂದು ಮಗುವಿಗೆ ಅಪ್ಪಣೆ! ಕಿಟ್ಟನ ಕೊಕ್ಕೆ ಅರ್ಥವನ್ನು ಕಾಯುತ್ತಿತ್ತು. ಈ ಗೂಟಗಳು ಮಗುವಿನ ಎದೆಯೊಳಗೇ ಕೈಹಾಕುತ್ತವೆ. ಆ ಪುಟಕ್ಕೆ ನಾನಾದರೆ ಒಂದು ಪೂರ್ಣವಿರಾಮವಿಟ್ಟು ಸುಮ್ಮನಾಗುತ್ತೇನೆ. ಕೆಲವು ಮಕ್ಕಳಿಗೆ ಹುಲಿಯನ್ನು ಕಂಡರೆ ಪ್ರೀತಿ.